ಚರ್ಚಿನ ಕೆಲಸ ಮಾಡಿಕೊಂಡೇ ಒಂದು ಪ್ರಸಂಗ ಪೂರ್ತಿ ಕೇಳುವುದು ಹೇಗೆ

ಭಾನುವಾರ ಚರ್ಚಿಗೆ ಎಲ್ಲರಿಗಿಂತ ಮೊದಲು ಬರುವವರು ನಾವು. ಕೊನೆಗೆ ಲೈಟ್ ಆರಿಸಿ ಹೋಗುವವರೂ ನಾವೇ. ಆದರೆ ಇವತ್ತು ಪ್ರಸಂಗ, ಅಂದರೆ ಫಾದರ್ ಕೊಡುವ ಉಪದೇಶ, ಏನಿತ್ತು ಅಂತ ಮನೆಯಲ್ಲಿ ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ. ಪ್ರಸಂಗ ಶುರುವಾದಾಗ ಬಾಗಿಲ ಹತ್ತಿರ ತಡವಾಗಿ ಬಂದವರಿಗೆ ಕುರ್ಚಿ ಹುಡುಕುತ್ತಿರುತ್ತೇವೆ, ನಡುವೆ ಮೈಕಿಗೆ ಬ್ಯಾಟರಿ ಹುಡುಕುತ್ತಿರುತ್ತೇವೆ, ಮುಗಿಯುವ ಹೊತ್ತಿಗೆ ಒಳಕೋಣೆಯಲ್ಲಿ ಕಾಣಿಕೆ ಎಣಿಸಲು ಪೆನ್ನು ಹುಡುಕುತ್ತಿರುತ್ತೇವೆ.

ಒಂದು ಸಲ ಮನೆಗೆ ಹೋಗುವ ದಾರಿಯಲ್ಲಿ ಮೊಮ್ಮಗಳು ಕೇಳಿದಳು, "ಅಜ್ಜಿ, ಕೊನೆಗೆ ಆ ಕುರಿ ಸಿಕ್ತಾ? ನಂಗೆ ನಿದ್ದೆ ಬಂದುಬಿಡ್ತು." ಕುರಿ ಸಿಗುತ್ತದೆ ಅಂತ ಬೈಬಲ್ ಓದಿದ ಯಾರಿಗಾದರೂ ಗೊತ್ತು. ಆದರೆ ಅವತ್ತಿನ ಪ್ರಸಂಗದಲ್ಲಿ ಕುರಿ ಕಳೆದುಹೋಗಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅವಳಾದರೂ ನಿದ್ದೆ ಮಾಡಿದ್ದಳು. ನಾನು ಎಚ್ಚರವಾಗಿದ್ದೂ ಕೇಳಿರಲಿಲ್ಲ.

ಅವತ್ತೇ ಹಟಕ್ಕೆ ಬಿದ್ದೆ. ಕೆಲಸ ಬಿಡುವುದಿಲ್ಲ, ಆದರೆ ಪ್ರಸಂಗವನ್ನೂ ಬಿಡುವುದಿಲ್ಲ. ನನಗೀಗ 69 ವರ್ಷ, ಮಂಡಿ ಎರಡೂ ತಕರಾರು ಮಾಡುತ್ತವೆ. ಹಾಗಾಗಿ ಇಲ್ಲಿರುವುದೆಲ್ಲ ಹೆಚ್ಚು ಓಡಾಡಲಾಗದವರು ಕಂಡುಕೊಂಡ ದಾರಿಗಳು. ನಿಮ್ಮ ಚರ್ಚಿನ ಪದ್ಧತಿ ಬೇರೆ ಇರಬಹುದು. ಬೇಕಾದಷ್ಟು ತೆಗೆದುಕೊಳ್ಳಿ.

ಮೊದಲು ಬೀಗದ ಕೈ

ಗೊಂಚಲು ನಿಮ್ಮ ಹತ್ತಿರ ಇದೆ ಅಂದರೆ ನೀವು ಸಿಕ್ಕಿಬಿದ್ದಿರಿ ಅಂತಲೇ ಅರ್ಥ. ಯಾವ ಬಾಗಿಲು ತೆಗೆಯಬೇಕಾದರೂ ನಿಮ್ಮನ್ನೇ ಕರೆಯುತ್ತಾರೆ. ನಮ್ಮ ಗೊಂಚಲಿನಲ್ಲಿ 11 ಬೀಗದ ಕೈ ಇದ್ದವು. ಅದರಲ್ಲಿ ಮೂರು ಯಾವ ಬೀಗದ್ದು ಅಂತ ಯಾರಿಗೂ ಗೊತ್ತಿರಲಿಲ್ಲ, ಆದರೂ ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದೆವು. ಒಂದು ಮಧ್ಯಾಹ್ನ ಕೂತು ಒಂದೊಂದನ್ನೂ ಎಲ್ಲ ಬೀಗಕ್ಕೂ ಹಾಕಿ ನೋಡಿದೆ. ಮೂರರಲ್ಲಿ ಎರಡಕ್ಕೆ ಬೀಗವೇ ಇಲ್ಲ. ಮೂರನೆಯದು ಪಿಯಾನೋದ್ದು!

ಉಳಿದವುಗಳ ತಲೆಗೆ ನೈಲ್ ಪಾಲಿಶ್ ಬಳಿದೆ. ಮುಂದಿನ ಬಾಗಿಲಿಗೆ ಕೆಂಪು, ಒಳಕೋಣೆಗೆ ಬಿಳಿ, ಉಗ್ರಾಣಕ್ಕೆ ನೀಲಿ. ಬೀಗದ ಮೂಲೆಯಲ್ಲೂ ಅದೇ ಬಣ್ಣದ ಒಂದು ಚುಕ್ಕೆ. ಕನ್ನಡಕ ಮರೆತು ಬಂದ ದಿನವೂ ಬಾಗಿಲು ತೆಗೆಯಬಹುದು, ಮಂದ ಬೆಳಕಿನಲ್ಲೂ ತೆಗೆಯಬಹುದು. ಇನ್ನೂ ಮುಖ್ಯವಾದದ್ದು, "ಕೆಂಪು ಬಣ್ಣದ್ದು ತಗೋ" ಅಂತ ಹೇಳಿ ಬೇರೆ ಯಾರನ್ನಾದರೂ ಕಳಿಸಬಹುದು. ನಾಲ್ಕೈದು ಪದರ ಬಳಿಯಿರಿ, ಒಂದೇ ಪದರವಾದರೆ ಬೇಗ ಉದುರಿಹೋಗುತ್ತದೆ. ಎರಡನೇ ಗೊಂಚಲು ಒಂದು ಮಾಡಿಸಿ ಇನ್ನೊಬ್ಬರಿಗೆ ಕೊಡಿ. ಇದಕ್ಕೆ ಯಾಜಕರನ್ನೋ ಸಮಿತಿಯವರನ್ನೋ ಕೇಳಲೇಬೇಕು, ಸುಮ್ನೆ ನೀವೇ ಮಾಡಿಸಿಕೊಡಬೇಡಿ.

ಮೈಕ್ ಅನ್ನುವ ಶತ್ರು

ಪ್ರಸಂಗದ ನಡುವೆ ನಮ್ಮನ್ನು ಎಬ್ಬಿಸುವುದು ಬಹುತೇಕ ಇದೇ. ಇದೊಂದು ಸರಿಯಾದರೆ ಅರ್ಧ ಗೆದ್ದ ಹಾಗೆ. ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮೈಕ್ ಕುಂಯ್ ಅಂತ ಕೂಗಿದಾಗ ಎಲ್ಲರೂ ತಿರುಗಿ ನೋಡುವುದು ಹಿಂದೆ ನಿಂತಿರುವ ನಿಮ್ಮನ್ನೇ, ಅಲ್ವಾ? ಅದು ಕೂಗುವುದು ಯಾಕೆ ಅಂದರೆ ಸ್ಪೀಕರಿನ ಸದ್ದು ಮತ್ತೆ ಮೈಕಿನೊಳಗೆ ಹೋಗುತ್ತದೆ, ಅಲ್ಲಿಂದ ಇನ್ನೂ ದೊಡ್ಡದಾಗಿ ಸ್ಪೀಕರಿಗೆ ಬರುತ್ತದೆ, ಹೀಗೆ ಸುತ್ತು ಹೊಡೆಯುತ್ತಲೇ ಇರುತ್ತದೆ. ಆದ್ದರಿಂದ ಮೈಕ್ ಯಾವತ್ತೂ ಸ್ಪೀಕರಿನ ಎದುರಿಗೆ ಬರಬಾರದು, ಸ್ಪೀಕರಿನ ಹಿಂದೆ ಇರಬೇಕು. ಕೈಯಲ್ಲಿ ಹಿಡಿಯುವ ಮೈಕಿನ ಜಾಲರಿ ತಲೆಯನ್ನು ಅಂಗೈಯಿಂದ ಮುಚ್ಚಿದರೂ ಕೂಗುತ್ತದೆ. ಹುಡುಗರು ಟಿವಿಯಲ್ಲಿ ಹಾಡುವವರನ್ನು ನೋಡಿ ಹಾಗೆ ಹಿಡಿಯುತ್ತಾರೆ. ನಿಧಾನವಾಗಿ ಹೇಳಿ, ಹಿಡಿ ಇರುವುದು ಹಿಡಿಯುವುದಕ್ಕೇ ಅಂತ.

ಬೈಬಲ್ ಓದಲು ಬರುವವರು ಮೈಕಿನಿಂದ ಒಂದು ಮೊಳ ದೂರ ನಿಂತು ಪಿಸುಗುಟ್ಟುತ್ತಾರೆ, ಹಿಂದಿನಿಂದ ಯಾರೋ "ಸೌಂಡ್ ಜಾಸ್ತಿ ಮಾಡಿ" ಅಂತ ಸನ್ನೆ ಮಾಡುತ್ತಾರೆ, ಜಾಸ್ತಿ ಮಾಡಿದ ಕೂಡಲೇ ಕುಂಯ್. ಇಲ್ಲಿ ಗುಂಡಿ ತಿರುಗಿಸಬೇಡಿ, ಓದುವವರನ್ನು ಹತ್ತಿರಕ್ಕೆ ಕರೆಯಿರಿ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ಮೈಕಿಗೆ ಸಿಗುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಯಾವ ಗುಂಡಿಯನ್ನೂ ಮುಟ್ಟದೆ. ಓದುವ ಪೀಠದ ಮುಂದೆ ನೆಲಕ್ಕೆ ಒಂದು ಪಟ್ಟಿ ಟೇಪ್ ಅಂಟಿಸಿ, ಹೆಬ್ಬೆರಳು ಅದಕ್ಕೆ ತಾಗುವ ಹಾಗೆ ನಿಲ್ಲಲು ಹೇಳಿ. ಮಾತಿನಲ್ಲಿ ಹತ್ತು ಸಲ ಹೇಳಿದರೂ ಆಗದ್ದು ಆ ಟೇಪಿನಿಂದ ಆಯಿತು. ಬಳಸದ ಮೈಕುಗಳ ಸೌಂಡನ್ನೆಲ್ಲ ಇಳಿಸಿಡಿ. ಗಾಯನ ತಂಡದ ನಾಲ್ಕು ಮೈಕ್ ಪ್ರಸಂಗದ ಹೊತ್ತಿನಲ್ಲೂ ತೆರೆದೇ ಇದ್ದರೆ ಕೂಗಲು ನಾಲ್ಕು ಬಾಯಿ ಕೊಟ್ಟ ಹಾಗೆ. ಅಷ್ಟೇ ಅಲ್ಲ, ಅವರ ಪಿಸುಮಾತೆಲ್ಲ ಸಭೆಗೆ ಕೇಳುತ್ತದೆ. ಮುಂದಿನ ಹಾಡು ತುಂಬಾ ಉದ್ದ ಅಂತ ಒಬ್ಬರು ಗೊಣಗಿದ್ದನ್ನು ನಮ್ಮಲ್ಲಿ ಎಲ್ಲರೂ ಕೇಳಿದ್ದೇವೆ.

ಆನ್ ಮಾಡುವಾಗ ಮಿಕ್ಸರ್ (ಎಲ್ಲ ಮೈಕಿನ ದನಿಯನ್ನು ಹೊಂದಿಸುವ ಗುಂಡಿಗಳ ಪೆಟ್ಟಿಗೆ) ಮೊದಲು, ಆಂಪ್ಲಿಫೈಯರ್ (ದನಿ ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುವುದು) ಕೊನೆಗೆ. ಆಫ್ ಮಾಡುವಾಗ ಉಲ್ಟಾ, ಆಂಪ್ಲಿಫೈಯರ್ ಮೊದಲು. ಇಲ್ಲದಿದ್ದರೆ ಢಬ್ ಅಂತ ಸದ್ದು ಬಂದು ಸ್ಪೀಕರಿಗೆ ಪೆಟ್ಟಾಗುತ್ತದೆ. ಮೈಕ್ ಬರುತ್ತಿದೆಯಾ ಅಂತ ನೋಡಲು ಊದಬೇಡಿ, ತಟ್ಟಬೇಡಿ, ಮಾತಾಡಿ ನೋಡಿ.

ಇನ್ನು ವೈರ್ ಇಲ್ಲದ ಮೈಕಿನ ಬ್ಯಾಟರಿ. ಇದರ ಕಥೆ ಏನೆಂದರೆ, ನಮ್ಮಲ್ಲಿ ಅರ್ಧ ಸತ್ತ ಬ್ಯಾಟರಿಯನ್ನು ಯಾರೋ "ಇನ್ನೂ ಬರುತ್ತದೆ" ಅಂತ ಮತ್ತೆ ಡಬ್ಬಿಗೆ ಹಾಕುತ್ತಿದ್ದರು. ಪ್ರಸಂಗದ ಹದಿನೈದನೇ ನಿಮಿಷಕ್ಕೆ ದನಿ ಕಟ್. ನಾನು ಡಬ್ಬಿ ಹಿಡಿದು ಮುಂದಕ್ಕೆ ಓಡುತ್ತೇನೆ, ಹಾಕುತ್ತೇನೆ, ಅದೂ ಸತ್ತದ್ದೇ. ಫಾದರ್ ಬೆಲ್ಟಿಗೆ ಸಿಕ್ಕಿಸಿಕೊಂಡ ಮೈಕಿನ ಡಬ್ಬಿಯ ಮುಚ್ಚಳವನ್ನು ಸಭೆಯ ಎದುರಿಗೆ ಉಗುರಿನಿಂದ ತೆಗೆಯುವ ಕಷ್ಟ ಶತ್ರುವಿಗೂ ಬೇಡ. ಈಗಿನ ನಿಯಮ ಇದು: ಪ್ರಸಂಗದ ಮೈಕಿಗೆ ಪ್ರತಿ ಭಾನುವಾರ ಹೊಸ ಬ್ಯಾಟರಿ, ಪೂಜೆಗೆ ಮೊದಲೇ. ತೆಗೆದದ್ದು ಚರ್ಚಿನಲ್ಲಿ ಉಳಿಯುವಂತಿಲ್ಲ. ಅದನ್ನು ಮನೆಯ ಗಡಿಯಾರಕ್ಕೆ ಹಾಕಿ, ರಿಮೋಟಿಗೆ ಹಾಕಿ, ತಿಂಗಳುಗಟ್ಟಲೆ ಬರುತ್ತದೆ. ದುಂದುವೆಚ್ಚ ಅಂತ ಯಾರಾದರೂ ಆಡಿಕೊಂಡರೆ ಒಂದು ಸಲ ಆ ಡಬ್ಬಿ ಕೊಟ್ಟು ಮುಂದಕ್ಕೆ ಓಡಿಸಿ.

ಇನ್ನೊಂದು ವಿಷಯ, ನಮ್ಮ ವಯಸ್ಸಿನವರದ್ದೇ. "ಕೇಳಿಸುತ್ತಿಲ್ಲ" ಅಂತ ನಾವು ಹೇಳುತ್ತೇವೆ, "ಕಿವಿ ಒಡೆಯುತ್ತಿದೆ" ಅಂತ ಚಿಕ್ಕವರು ಹೇಳುತ್ತಾರೆ. ಇಬ್ಬರೂ ಹೇಳುವುದು ನಿಜ. ವಯಸ್ಸಾದಾಗ ಕಿವಿಗೆ ಮೊದಲು ತಪ್ಪಿಹೋಗುವುದು ತೀಕ್ಷ್ಣ ಸ್ವರಗಳು. ಸ, ಶ, ತ, ಫ ಇಂಥ ಅಕ್ಷರಗಳ ಚೂಪು ಅಲ್ಲೇ ಇರುವುದು. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಹಾಗಾಗಿ ಒಟ್ಟು ಸೌಂಡ್ ಏರಿಸಿದರೆ ಗುಡುಗು ಜಾಸ್ತಿ ಆಗುತ್ತದೆ ಅಷ್ಟೇ. ಮಿಕ್ಸರಿನಲ್ಲಿ ಆ ಮೈಕಿನ ಬೇಸ್, ಅಂದರೆ ದಪ್ಪ ಸ್ವರ, ಇಳಿಸಿ, ತೀಕ್ಷ್ಣ ಸ್ವರವನ್ನು ಸ್ವಲ್ಪವೇ ಏರಿಸಿ ನೋಡಿ. ಎರಡೂ ಕಡೆಯ ದೂರು ಕಡಿಮೆಯಾಗುತ್ತದೆ. ಶ್ರವಣಯಂತ್ರ ಹಾಕುವವರು ಇದ್ದರೆ, ಚರ್ಚಿನಲ್ಲಿ ಇಂಡಕ್ಷನ್ ಲೂಪ್ (ಮೈಕಿನ ದನಿಯನ್ನು ಶ್ರವಣಯಂತ್ರಕ್ಕೆ ಕಳಿಸುವ ತಂತಿಯ ಸುತ್ತು) ಅಳವಡಿಸಿದ್ದಾರಾ ಅಂತ ಕೇಳಿಕೊಳ್ಳಿ. ಇದ್ದರೆ ಯಂತ್ರವನ್ನು 'ಟಿ' ಸ್ಥಾನಕ್ಕೆ ತಿರುಗಿಸಿದಾಗ ಮೈಕಿನ ದನಿ ನೇರ ಕಿವಿಗೆ ಬರುತ್ತದೆ.

ಮೇಣ, ಕಲೆ, ಬೂದಿ

ಮೇಣದಬತ್ತಿ ಒಂದೇ ಪಕ್ಕಕ್ಕೆ ಸುರಿಯುತ್ತಿದ್ದರೆ ಬತ್ತಿಯನ್ನು ಬೈಯುವ ಮೊದಲು ಮೇಲೆ ನೋಡಿ, ಫ್ಯಾನ್ ಇರುತ್ತದೆ, ಇಲ್ಲವೇ ಕಿಟಕಿ. ಗಾಳಿ ಜ್ವಾಲೆಯನ್ನು ಒಂದು ಕಡೆಗೆ ಬಾಗಿಸುತ್ತದೆ, ಆ ಕಡೆಯ ಅಂಚು ಕರಗಿ ಹರಿಯುತ್ತದೆ. ಮೇಣದಬತ್ತಿಯನ್ನು ಒಂದಡಿ ಸರಿಸಿದರೆ ಸಾಕಾಗಬಹುದು. ಕರಿ ಹೊಗೆ ಬರುತ್ತಿದ್ದರೆ ಬತ್ತಿ ಉದ್ದವಾಗಿದೆ ಅಂತ, ಸುಮಾರು 6 ಮಿಲಿಮೀಟರ್ ಉಳಿಸಿ ಕತ್ತರಿಸಿ. ಬಿಸಿಲ ಕಾಲದಲ್ಲಿ ಉದ್ದನೆಯ ಮೇಣದಬತ್ತಿಗಳನ್ನು ನಿಲ್ಲಿಸಿಡಬೇಡಿ, ಮಲಗಿಸಿಡಿ, ಇಲ್ಲದಿದ್ದರೆ ಬಾಗುತ್ತವೆ.

ಬಲಿಪೀಠದ ಬಟ್ಟೆಗೆ ಮೇಣ ಬಿದ್ದರೆ ಬಿಸಿ ಇರುವಾಗ ಒರೆಸಬೇಡಿ. ಗಟ್ಟಿಯಾಗಲಿ. ಐಸ್ ಇಟ್ಟರೆ ಇನ್ನೂ ಒಳ್ಳೆಯದು. ಗಟ್ಟಿಯಾದದ್ದನ್ನು ಚಮಚದ ಅಂಚಿನಿಂದ ಎಬ್ಬಿಸಿ ತೆಗೆಯಿರಿ. ಆಮೇಲೆ ಬಟ್ಟೆಯ ಮೇಲೂ ಕೆಳಗೂ ಮಸಿ ಇಲ್ಲದ ಖಾಲಿ ಕಾಗದ ಇಟ್ಟು ಹದವಾದ ಇಸ್ತ್ರಿ ಪೆಟ್ಟಿಗೆ ಒತ್ತಿ. ಕಾಗದ ಮೇಣ ಕುಡಿಯುತ್ತದೆ. ಕಾಗದ ಬದಲಿಸುತ್ತಾ ಹೋಗಿ. ನಾನು ಮೊದಲ ಸಲ ನ್ಯೂಸ್ ಪೇಪರ್ ಇಟ್ಟಿದ್ದೆ, ಯಾವುದೋ ಜಾಹೀರಾತಿನ ಅರ್ಧ ಬಿಳಿ ಬಟ್ಟೆಯ ಮೇಲೆ ಅಚ್ಚಾಯಿತು. ಮೇಣ ಇರುವ ಬಿಸಿನೀರನ್ನು ಸಿಂಕಿಗೆ ಸುರಿಯಬೇಡಿ, ಒಳಗೆ ಹೋಗಿ ಗಟ್ಟಿಯಾಗುತ್ತದೆ.

ಲಿಲ್ಲಿ ಹೂವು ಅರಳಿದ ಕೂಡಲೇ ನಡುವಿನ ಹಳದಿ ಪುಡಿಯ ತಲೆಗಳನ್ನು ಕಿತ್ತುಬಿಡಿ. ಪುಡಿ ಬಟ್ಟೆಗೆ ತಾಗಿದರೆ ನೀರು ಮುಟ್ಟಿಸಬಾರದು, ಉಜ್ಜಬಾರದು. ಅಂಟು ಟೇಪಿನಿಂದ ಒತ್ತಿ ಎತ್ತಿ.

ಬೂದಿ ಬುಧವಾರಕ್ಕೆ (ಈಸ್ಟರಿಗೆ ಮುಂಚಿನ ಉಪವಾಸ ಕಾಲ ಶುರುವಾಗುವ ದಿನ, ಹಣೆಗೆ ಬೂದಿ ಹಚ್ಚುತ್ತಾರೆ) ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟು ಬೂದಿ ಮಾಡುವವರು ಇದೊಂದನ್ನು ಮರೆಯಬೇಡಿ. ಬೂದಿಗೆ ನೀರು ಬೆರೆಸಿದರೆ ಕ್ಷಾರವಾಗುತ್ತದೆ, ಹಣೆಯ ಚರ್ಮ ಸುಡಬಹುದು. ನುಣ್ಣಗೆ ಜರಡಿ ಹಿಡಿದು ಒಣದಾಗಿಯೇ ಕೊಡಿ, ಅಂಟಬೇಕು ಅಂದರೆ ಒಂದೆರಡು ಹನಿ ಆಲಿವ್ ಎಣ್ಣೆ ಸಾಕು.

ತಾರೀಖು ಮೊದಲೇ ಬರೆದಿಡಿ

"ಈ ಸಲ ಈಸ್ಟರ್ ಇಷ್ಟು ಬೇಗ ಬಂತಾ?" ಅಂತ ಪ್ರತಿ ಎರಡು ವರ್ಷಕ್ಕೊಮ್ಮೆ ಕೇಳುತ್ತಾರೆ, ಆಮೇಲೆ ಉಪವಾಸ ಕಾಲಕ್ಕೆ ಹಾಕುವ ನೇರಳೆ ಬಟ್ಟೆಗೆ ಇಸ್ತ್ರಿ ಆಗಿಲ್ಲ ಅಂತ ರಾತ್ರಿ ಹತ್ತಕ್ಕೆ ನಮಗೆ ಫೋನ್. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆ ಆದ ಮೇಲಿನ ಭಾನುವಾರವೇ ಈಸ್ಟರ್. ಹುಣ್ಣಿಮೆಯನ್ನು ಚರ್ಚಿನ ಲೆಕ್ಕದಲ್ಲೇ ಹಿಡಿಯುತ್ತಾರೆ, ಆಕಾಶ ನೋಡಿ ಅಲ್ಲ. ಪಶ್ಚಿಮದ ಪದ್ಧತಿ ಅನುಸರಿಸುವ ಚರ್ಚುಗಳಲ್ಲಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಿ ಬೇಕಾದರೂ ಬೀಳಬಹುದು. 2025ರಲ್ಲಿ ಏಪ್ರಿಲ್ 20ಕ್ಕೆ ಇತ್ತು, 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಬೂದಿ ಬುಧವಾರ ಈಸ್ಟರಿಗೆ 46 ದಿನ ಮೊದಲು, ಅಂದರೆ 2027ರಲ್ಲಿ ಫೆಬ್ರವರಿ 10. ಕ್ರಿಸ್ಮಸ್ ಸಾಮಾನು ಕಟ್ಟಿಟ್ಟು ಕೈ ತೊಳೆಯುವಷ್ಟರಲ್ಲಿ ಬಂದೇಬಿಡುತ್ತದೆ. ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ ಯಾವತ್ತೂ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆಯೇ ಬರುತ್ತದೆ.

ಬೈಬಲ್ ಪಾಠಗಳನ್ನು ಮೂರು ವರ್ಷಕ್ಕೆ ಹಂಚಿ ಓದುವ ವಾಚನ ಸುತ್ತು ಇರುವ ಚರ್ಚುಗಳಲ್ಲಿ ಈ ವರ್ಷ ಎ, ಬಿ, ಸಿ ಯಾವುದು ಅಂತ ಗೊಂದಲ ಆದರೆ ಒಂದು ಸುಲಭ ಉಪಾಯ. ಇಸವಿಯನ್ನು ಮೂರರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಸಿ, ಒಂದು ಉಳಿದರೆ ಎ, ಎರಡು ಉಳಿದರೆ ಬಿ. ಆದರೆ ಹೊಸ ಸುತ್ತು ಶುರುವಾಗುವುದು ಜನವರಿಯಲ್ಲಲ್ಲ, ಅದರ ಹಿಂದಿನ ಆಗಮನ ಕಾಲದಲ್ಲೇ. ನಾನು ಇದರಲ್ಲಿ ಎಡವಿ ಒಂದು ಸಲ ಪೂರ್ತಿ ಬೇರೆ ವರ್ಷದ ಪುಸ್ತಕ ತೆರೆದಿಟ್ಟಿದ್ದೆ. ಓದಲು ಬಂದ ಹುಡುಗಿ ಪಾಪ, ಅದನ್ನೇ ಓದಿಬಿಟ್ಟಳು.

ಕಾಣಿಕೆ ಎಣಿಸುವಾಗ

ಒಬ್ಬರೇ ಎಣಿಸಬೇಡಿ. ಯಾವತ್ತೂ. ನಿಮ್ಮ ಮೇಲೆ ಎಲ್ಲರಿಗೂ ನಂಬಿಕೆ ಇದೆ ಅಂತ ಗೊತ್ತು. ಆದರೆ ನಂಬಿಕೆ ಇರುವಾಗಲೇ ನಿಯಮ ಮಾಡಿಕೊಳ್ಳಬೇಕು, ಅನುಮಾನ ಬಂದ ಮೇಲೆ ಮಾಡಿದರೆ ಅದು ಅವಮಾನ ಆಗುತ್ತದೆ. ಇಬ್ಬರಿರಬೇಕು, ಒಂದೇ ಮನೆಯವರಾಗಿರಬಾರದು. ಎಣಿಸಿ ಮುಗಿಸಿ, ಚೀಟಿಗೆ ಇಬ್ಬರೂ ಸಹಿ ಹಾಕಿದ ಮೇಲೆಯೇ ಕೋಣೆ ಬಿಡುವುದು. ಮನೆಗೆ ತಗೊಂಡು ಹೋಗಿ ನಾಳೆ ಎಣಿಸೋಣ ಅನ್ನುವುದು ಬೇಡ. ಮತ್ತೆ, ಪ್ರಸಂಗದ ಹೊತ್ತಿನಲ್ಲೇ ಎಣಿಸಿ ಮುಗಿಸಿದರೆ ಬೇಗ ಮನೆಗೆ ಹೋಗಬಹುದು ಅಂತ ಹೇಳುವವರು ಇರುತ್ತಾರೆ. ಅವರ ಮಾತು ಕೇಳಬೇಡಿ. ಕಾಣಿಕೆಯನ್ನು ಬೀಗ ಹಾಕುವ ಪೆಟ್ಟಿಗೆಯಲ್ಲಿಟ್ಟು ಬಂದು ಕೂತುಕೊಳ್ಳಿ, ಎಲ್ಲ ಮುಗಿದ ಮೇಲೆ ಎಣಿಸಿ. ನಾಣ್ಯ ಎಲ್ಲೂ ಓಡಿಹೋಗುವುದಿಲ್ಲ.

ಏಣಿ, ಕುರ್ಚಿ, ಗ್ರೂಪ್

ಏಣಿ ಹತ್ತಬೇಡಿ. ನಕ್ಷತ್ರ ಕಟ್ಟಬೇಕು, ಬಲ್ಬ್ ಬದಲಿಸಬೇಕು, ಪರವಾಗಿಲ್ಲ, ಕತ್ತಲಲ್ಲೇ ಇರಲಿ. "ಆಂಟಿ, ನೀವು ಹತ್ತಬೇಡಿ" ಅಂತ ಹೇಳುವ ಹುಡುಗನೇ ಹತ್ತು ನಿಮಿಷದಲ್ಲಿ ಮಾಯವಾಗುತ್ತಾನೆ, ಆಗ ನಾವು ರೋಷಕ್ಕೆ ಹತ್ತುತ್ತೇವೆ. ಆ ರೋಷವೇ ಅಪಾಯ. ಕುರ್ಚಿ ಒಂದರ ಮೇಲೊಂದು ಜೋಡಿಸುವಾಗ ನಾಲ್ಕಕ್ಕೆ ನಿಲ್ಲಿಸಿ, ಎತ್ತಬೇಡಿ, ಜಾರಿಸಿ. ಎತ್ತಲೇಬೇಕು ಅಂದರೆ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ, ಹೊರೆ ಹೊಟ್ಟೆಗೆ ತಾಗಿರಲಿ. ಮಂಡಿಯೂ ಬಗ್ಗುವುದಿಲ್ಲ ಅನ್ನುವ ನನ್ನಂಥವರು ಎತ್ತುವುದೇ ಬೇಡ.

ವಾಟ್ಸಾಪ್ ಗ್ರೂಪಿನಲ್ಲಿ "ಈ ವಾರ ಯಾರಾದರೂ ಹೂವು ನೋಡಿಕೊಳ್ಳುತ್ತೀರಾ?" ಅಂತ ಹಾಕಿದರೆ 30 ಕೈಮುಗಿದ ಚಿತ್ರ ಬರುತ್ತದೆ, ಒಬ್ಬರೂ ಬರುವುದಿಲ್ಲ. ಎಲ್ಲರನ್ನೂ ಕೇಳಿದರೆ ಯಾರನ್ನೂ ಕೇಳದ ಹಾಗೆ. ಒಬ್ಬರಿಗೆ ಫೋನ್ ಮಾಡಿ, ಹೆಸರು ಹಿಡಿದು, ಕೆಲಸ ಎಷ್ಟು ಹೊತ್ತಿನದು ಅಂತಲೂ ಹೇಳಿ ಕೇಳಿ. "ಶನಿವಾರ ಸಂಜೆ 5ಕ್ಕೆ ಬಂದರೆ 20 ನಿಮಿಷದಲ್ಲಿ ಆಗುತ್ತಮ್ಮ" ಅಂದರೆ ಬರುತ್ತಾರೆ. "ಸ್ವಲ್ಪ ಹೆಲ್ಪ್ ಬೇಕಿತ್ತು" ಅಂದರೆ ಹೆದರುತ್ತಾರೆ, ಜೀವನಪೂರ್ತಿ ಸಿಕ್ಕಿಹಾಕಿಕೊಳ್ಳುತ್ತೇವೆ ಅಂತ. ನಮ್ಮನ್ನು ನೋಡಿಯೇ ಹೆದರುವುದು ಅವರು!

ಕೊಟ್ಟ ಮೇಲೆ ಮುಟ್ಟಬೇಡಿ

ಇದು ಎಲ್ಲಕ್ಕಿಂತ ಕಷ್ಟದ್ದು. ಒಬ್ಬ ಹುಡುಗನಿಗೆ ಮೈಕಿನ ವೈರ್ ಸುತ್ತುವುದನ್ನು ಕಲಿಸಿದೆ. ಮೊಣಕೈಗೆ ಸುತ್ತಬಾರದು, ಒಳಗಿನ ತಂತಿ ತಿರುಚಿ ಬೇಗ ಹಾಳಾಗುತ್ತದೆ. ಅಂಗೈಯಲ್ಲಿ ದೊಡ್ಡ ಸುರುಳಿ ಮಾಡಿ ಒಂದನ್ನು ಮೇಲಿನಿಂದ, ಇನ್ನೊಂದನ್ನು ಕೆಳಗಿನಿಂದ ಹಾಕುತ್ತಾ ಹೋಗಬೇಕು. ಅವನು ಸುತ್ತಿದ. ಚೆನ್ನಾಗಿ ಬರಲಿಲ್ಲ. "ಚೆನ್ನಾಗಿದೆಯಪ್ಪ" ಅಂದೆ. ಅವನು ಹೊರಗೆ ಹೋದ ಕೂಡಲೇ ಎಲ್ಲ ಬಿಚ್ಚಿ ನಾನೇ ಸುತ್ತಲು ಕೂತೆ. ಅವನು ಫೋನ್ ಮರೆತಿದ್ದನಂತೆ, ವಾಪಸ್ ಬಂದ. ಬಾಗಿಲಲ್ಲಿ ನಿಂತು ನೋಡಿದ. ಏನೂ ಹೇಳಲಿಲ್ಲ, ಫೋನ್ ತಗೊಂಡು ಹೋದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಯಾರೂ ಸಹಾಯಕ್ಕೆ ಬರುವುದಿಲ್ಲ ಅಂತ ಆ ತಿಂಗಳೂ ನಾನು ಮನೆಯಲ್ಲಿ ಗೊಣಗಿದ್ದೆ. ಆಮೇಲೆ ಅವನ ಮನೆಗೇ ಹೋಗಿ ತಪ್ಪಾಯಿತು ಅಂತ ಹೇಳಿ ಕರೆತಂದೆ. ಈಗ ಅವನು ಸುತ್ತಿದ ವೈರ್ ಸ್ವಲ್ಪ ಸೊಟ್ಟಗಿರುತ್ತದೆ. ನಾನು ಆ ಕಪಾಟಿನ ಬಾಗಿಲು ತೆಗೆಯುವುದೇ ಇಲ್ಲ.

ಕೆಲಸ ಬಿಟ್ಟುಕೊಡುವಾಗ ನಿಮ್ಮ ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ. ಮೈನ್ ಸ್ವಿಚ್ ಎಲ್ಲಿದೆ, ಯಾವ ಫ್ಯಾನ್ ಹಾಕಿದರೆ ಮೇಣದಬತ್ತಿ ಆರುತ್ತದೆ, ಒಳಕೋಣೆಯ ನಲ್ಲಿ ಯಾವ ಕಡೆಗೆ ತಿರುಗಿಸಬೇಕು, ಇಂಥವು. ಒಂದೇ ಹಾಳೆ, ದಪ್ಪ ಅಕ್ಷರ, ಕಪಾಟಿನ ಒಳಬದಿಗೆ ಅಂಟಿಸಿ. ಅದರಲ್ಲಿ ಇಲ್ಲದ್ದು ಏನಾದರೂ ಕೇಳಿದರೆ ಹೇಳಿಕೊಡಿ, ಆಮೇಲೆ ಹಾಳೆಗೂ ಸೇರಿಸಿ. ನಮ್ಮ ಹಾಳೆಗೆ ಮೊದಲ ತಿಂಗಳಲ್ಲಿ ಒಂಬತ್ತು ಸಾಲು ಸೇರಿತು, ಎರಡನೇ ತಿಂಗಳಲ್ಲಿ ಎರಡು.

ಕೊನೆಗೆ, ಕೂತುಕೊಳ್ಳುವ ಜಾಗ. ಕಂಬದ ಪಕ್ಕದ ನಮ್ಮ ಮಾಮೂಲಿ ಕುರ್ಚಿ ಬೇಡ, ಬೆಂಚಿನ ಅಂಚೂ ಬೇಡ. ಸಾಲಿನ ನಟ್ಟನಡುವೆ ಹೋಗಿ ಕೂತುಕೊಳ್ಳಿ, ಎರಡೂ ಕಡೆ ನಾಲ್ಕು ನಾಲ್ಕು ಜನ ಇರಲಿ. ಮೈಕ್ ಒಂದು ಸಲ ಕುಂಯ್ ಅಂದೇ ಅನ್ನುತ್ತದೆ. ಏಳಬೇಕು ಅನಿಸುತ್ತದೆ. ಆದರೆ ಎದ್ದರೆ ನಾಲ್ಕು ಜನರ ಮಂಡಿ ದಾಟಬೇಕು, ಅದರಲ್ಲಿ ಇಬ್ಬರ ಮಂಡಿ ನಿಮ್ಮದಕ್ಕಿಂತ ಕೆಟ್ಟಿರುತ್ತದೆ. ಹುಡುಗ ಅಷ್ಟರಲ್ಲಿ ಗುಂಡಿ ಇಳಿಸಿರುತ್ತಾನೆ.